ಬುತ್ತಿ ಬಿಚ್ಚಲು ಒಂದು ಕೆರೆ ಏರಿ

ಮಾರ್ಚ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅತ್ತೆ–ಸೊಸೆ ಜಗಳ ಕಡಿಮೆ, ನೀರು ಜಾಸ್ತಿ. ಎಲ್ಲರದೂ ಒಂದೇ ಪ್ರಶ್ನೆ, ‘ಎಲ್ಲಿಗೆ ಹೋಗೋಣ ಮೇಡಂ?’ ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ 31 ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು. ಅದಕ್ಕೂ ಮೊದಲು ಕುಣಿಗಲ್ ಕಡೆಯ ಒಬ್ಬ ನೀರುಗಂಟಿಯ ಮಗಳು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅಪ್ಪನ ಕೆಲಸ. ಹಾಗಾಗಿ ಕೆರೆ ಅಂದರೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಏಪ್ರಿಲ್ ಮೊದಲ ವಾರ ಬೆಂಗಳೂರಿನಿಂದ ತಂಗಿ ಸಂಸಾರ ಬರುತ್ತಿದೆ. ಎಲ್ಲ ಸೇರಿ 11 ಜನ. ಅದರಲ್ಲಿ 4 ಮಕ್ಕಳು, ಮಂಡಿನೋವಿನ ಅತ್ತೆ ಒಬ್ಬರು. ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರುವಂಥ, ನೀರಿರುವ ಜಾಗ ಹೇಳಿ. ‘ನಿಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ನೀರೆಲ್ಲಿ ಬರಬೇಕು’ ಅಂತ ತಂಗಿ ಗಂಡ ಈಗಲೇ ನಗುತ್ತಿದ್ದಾರೆ.
– ಒಬ್ಬ ಗೃಹಿಣಿ, ತುಮಕೂರು

ಅವರಿಗೆ ಹೇಳಿ, ನಮ್ಮ ಒಂದೇ ಬೆಟ್ಟದಲ್ಲಿ ಎರಡು ನದಿ ಹುಟ್ಟುತ್ತವೆ. ದೇವರಾಯನದುರ್ಗದ ಒಂದು ಮಗ್ಗುಲಿನ ನೀರು ಶಿಂಷೆಯಾಗಿ ಇಳಿದು ಕಾವೇರಿ ಸೇರುತ್ತದೆ. ಇನ್ನೊಂದು ಮಗ್ಗುಲಿನದು ಜಯಮಂಗಲಿಯಾಗಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರಡೂ ಬರೀ ಮರಳು ಅನ್ನುವುದು ನಿಜ. ಆ ಮಟ್ಟಿಗೆ ಅವರು ನಗಲಿ. ಆದರೆ ಹಿಂದಿನ ಮಳೆಗಾಲ ಕೈಕೊಡದಿದ್ದರೆ, ಅಡ್ಡ ಕಟ್ಟೆ ಹಾಕಿ ನಿಲ್ಲಿಸಿದ ಕಡೆ ಏಪ್ರಿಲ್‌ನಲ್ಲೂ ನೀರಿರುತ್ತದೆ. ಹೊರಡುವ ಹಿಂದಿನ ದಿನ ಆ ಕಡೆಯ ಯಾರಿಗಾದರೂ ಫೋನ್ ಮಾಡಿ ‘ನೀರು ಎಷ್ಟಿದೆ’ ಅಂತ ಕೇಳಿ. ಮೊಬೈಲ್‌ನಲ್ಲಿ ಕಾಣುವ ಫೋಟೋ ನಂಬಬೇಡಿ. ಅವೆಲ್ಲ ಮಳೆಗಾಲದವು.

ನಾನಾದರೆ ಜಯಮಂಗಲಿ ದಾರಿ ಹಿಡಿಯುತ್ತೇನೆ. ಬೆಳಗ್ಗೆ ಆರೂವರೆಗೆ ಮನೆ ಬಿಡಿ. ದುರ್ಗ ಸುಮಾರು 15 ಕಿ.ಮೀ. ಅಷ್ಟೇ. ಮೊದಲು ಬೆಟ್ಟದ ಬುಡದ ನಾಮದ ಚಿಲುಮೆ. ವನವಾಸದಲ್ಲಿದ್ದ ರಾಮನಿಗೆ ನಾಮ ಕಲಸಿಕೊಳ್ಳಲು ನೀರು ಸಿಗಲಿಲ್ಲವಂತೆ, ಬಂಡೆಗೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ಮಕ್ಕಳಿಗೆ ಮೊದಲು ಈ ಕತೆ ಹೇಳಿ. ಆಮೇಲೆ ನನ್ನ ಪಾಠ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಜಿನುಗಿ, ತಗ್ಗಿನಲ್ಲಿ ದಾರಿ ಸಿಕ್ಕ ಕಡೆ ಹೊರಗೆ ಬರುತ್ತದೆ. ಅದಕ್ಕೇ ಮಳೆ ನಿಂತ ಎಷ್ಟೋ ದಿನದ ಮೇಲೂ ಚಿಲುಮೆ ಬತ್ತುವುದಿಲ್ಲ. ನಾನು ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೆ. ಯಾವ ಮಗುವೂ ‘ಯಾವುದು ನಿಜ ಮಿಸ್’ ಅಂತ ಕೇಳಲಿಲ್ಲ, ಎರಡೂ ಅವಕ್ಕೆ ಬೇಕಿತ್ತು.

ಚಿಲುಮೆ ಅಂದರೆ ಜಲಪಾತ ಅಂದುಕೊಂಡು ಟವೆಲ್ ಹೊತ್ತು ಹೋಗಬೇಡಿ. ಅದು ಕಲ್ಲಿನ ನಡುವಿನ ಸಣ್ಣ ಸೆಲೆ. ಕಾಲು ತೊಳೆಯುವ ಜಾಗವೂ ಅಲ್ಲ. ಪಕ್ಕದಲ್ಲೇ ಜಿಂಕೆವನ ಇದೆ, ಚಿಕ್ಕವರು ಅಲ್ಲಿ ಹೊತ್ತು ಕಳೆಯುತ್ತಾರೆ. ಬಿಸಿಲೇರುವ ಮುಂಚೆ ದುರ್ಗ ಹತ್ತಿ. ಅತ್ತೆಯವರು ಕೆಳಗೆ ಭೋಗ ನರಸಿಂಹನ ಗುಡಿಯಲ್ಲಿ ಕೂರಲಿ. ಯೋಗ ನರಸಿಂಹನ ಹತ್ತಿರಕ್ಕೆ ಮೆಟ್ಟಿಲಿದೆ, ಉಳಿದವರು ಹೋಗಿ ಬನ್ನಿ. ಕೈಯಲ್ಲಿ ಕವರ್ ಹಿಡಿದು ಮಾತ್ರ ಹತ್ತಬೇಡಿ. ಅಲ್ಲಿನ ಕೋತಿಗಳಿಗೆ ಕವರ್ ಅಂದರೆ ಊಟ ಅಂತಲೇ ಅರ್ಥ. ನನ್ನ ಕನ್ನಡಕದ ಡಬ್ಬಿ ಇವತ್ತಿಗೂ ಅಲ್ಲೇ ಯಾವುದೋ ಮರದ ಮೇಲಿದೆ.

ಹನ್ನೊಂದರಿಂದ ಮೂರೂವರೆವರೆಗೆ ನೆರಳಲ್ಲಿರಿ. ಊಟ, ನಿದ್ದೆ, ಚೌಕಾಬಾರ. ನಾಲ್ಕಕ್ಕೆ ಹೊರಟು ಕೊರಟಗೆರೆ ಕಡೆ ತೀತಾ ಜಲಾಶಯಕ್ಕೆ ಹೋಗಿ. ಬೆಳಗ್ಗೆ ನೋಡಿದ ಬೆಟ್ಟದಲ್ಲಿ ಹುಟ್ಟಿದ ಜಯಮಂಗಲಿಗೇ ಇಲ್ಲಿ ಕಟ್ಟೆ ಹಾಕಿದ್ದಾರೆ. ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿ ಹತ್ತಿರವೇ ಇರುವುದರಿಂದ ಅತ್ತೆಯವರೂ ಬೇಡ ಅನ್ನುವುದಿಲ್ಲ. ಶುಕ್ರವಾರ ಮಾತ್ರ ಹೋಗಬೇಡಿ, ಜನಜಂಗುಳಿ. ಸಂಜೆ ನೀರಿನ ಮೇಲಿಂದ ಗಾಳಿ ಬೀಸಲು ಶುರುವಾದಾಗ ನಿಮ್ಮ ತಂಗಿ ಗಂಡನ ಮುಖ ನೋಡಿ.

ಕುಣಿಗಲ್ ಕಡೆಯವರಿಗೆ ಶಿಂಷೆ ದಾರಿಯೇ ಹತ್ತಿರ. ಎಡೆಯೂರಿನಿಂದ ಸ್ವಲ್ಪ ಒಳಗೆ ಹೋದರೆ ಮಾರ್ಕೋನಹಳ್ಳಿ. ಅಲ್ಲಿನ ಸೈಫನ್ ಅಪ್ಪನಿಗೆ ದೊಡ್ಡ ಬೆರಗು. ನೀರು ಮಟ್ಟ ಮೀರಿದರೆ ತಾನಾಗಿ ಹೊರಗೆ ಎಳೆದು ಹಾಕುತ್ತದೆ, ಮಟ್ಟ ಇಳಿದರೆ ತಾನಾಗಿ ನಿಲ್ಲುತ್ತದೆ. ಗೇಟು ಎತ್ತಲು ಆಳೇ ಬೇಡ. ‘ನಮ್ಮ ಕೆಲಸಕ್ಕೆ ಕಲ್ಲು ಹಾಕೋ ಯಂತ್ರ’ ಅಂತ ಅಪ್ಪ ನಗುತ್ತಿದ್ದರು. ಏಪ್ರಿಲ್‌ನಲ್ಲಿ ಅದು ಸುಮ್ಮನಿರುತ್ತದೆ. ಅದು ನೊರೆ ಉಕ್ಕಿಸುವುದನ್ನು ನೋಡಬೇಕಾದರೆ ಜಲಾಶಯ ತುಂಬಿದ ವರ್ಷ ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಹೋಗಿ.

ಪ್ರಶ್ನೆ: ಬುತ್ತಿಗೆ ಏನು ಕಟ್ಟಲಿ? ಹೋದ ಸಲ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬಂದು ಎಲ್ಲ ಚೆಲ್ಲಿದೆ.
– ಓದುಗಿ, ತಿಪಟೂರು

ಮೊಸರಲ್ಲಿ ಕಲಸಿದಿರಿ, ಅದಕ್ಕೇ. ಬಿಸಿ ಅನ್ನವನ್ನು ಚೆನ್ನಾಗಿ ಹಿಸುಕಿ, ಕಾಯಿಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ. ಅನ್ನ ಪೂರ್ತಿ ತಣ್ಣಗಾದ ಮೇಲೆ ಮೊಸರು ಎರಡೇ ಚಮಚ. ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಉಪ್ಪನ್ನೂ ಒಗ್ಗರಣೆಯನ್ನೂ ಬೇರೆ ಡಬ್ಬಿಯಲ್ಲಿ ಒಯ್ಯಿರಿ, ತಿನ್ನುವಾಗ ಕಲಸಿ. ಕಾಯಿ ಚಟ್ನಿ ಬೇಡ (ತಿಪಟೂರಿನವರಿಗೆ ಕಾಯಿ ಬೇಡ ಅನ್ನುವುದು ತಪ್ಪು, ಗೊತ್ತು). ಬಿಸಿಲಿಗೆ ಮೊದಲು ಕೆಡುವುದೇ ಅದು. ಹುಣಸೆಹಣ್ಣಿನ ಗೊಜ್ಜು ಹಾಕಿದ ಪುಳಿಯೋಗರೆ ತಡೆಯುತ್ತದೆ. ನೀರು ಮಜ್ಜಿಗೆಗೆ ಕೊತ್ತಂಬರಿ, ಶುಂಠಿ, ಉಪ್ಪು. ಸ್ಟೀಲ್ ಕ್ಯಾನಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡಿ. ಬಟ್ಟೆಯ ನೀರು ಆರುತ್ತಾ ಕ್ಯಾನಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ.

ತುಮಕೂರಿನ ಮೇಲೆ ಹಾಯ್ದು ಹೋಗುವುದಾದರೆ ಬೆಳಗಿನ ತಿಂಡಿ ಕಟ್ಟಲೇಬೇಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇರುವಾಗ ನಿಮಗೇಕೆ ನಾಲ್ಕು ಗಂಟೆಗೆ ಏಳುವ ಶಿಕ್ಷೆ?

ಪ್ರಶ್ನೆ: ಟೀಚರಮ್ಮ, ಮಗನಿಗೆ 16. ಎಸ್ಸೆಸ್ಸೆಲ್ಸಿ ಮುಗೀತು. ಸ್ನೇಹಿತರ ತೋಟದ ಕೃಷಿ ಹೊಂಡದಲ್ಲಿ ಈಜೋಕೆ ಹೋಗ್ತೀನಿ ಅಂತಾನೆ. ಬೇಡ ಅಂದರೆ ಕದ್ದು ಹೋಗುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಾ ತಾಲೂಕು

ಈಜು ಬೇಡ ಅನ್ನಬೇಡಿ, ಹೊಂಡ ಬೇಡ ಅನ್ನಿ. ಎರಡೂ ಬೇರೆ ಅಂತ ಅವನಿಗೆ ಗೊತ್ತಾಗಬೇಕು.

ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಂಡಗಳು ಜಾಸ್ತಿ ಆದವು. ಬೆಳೆಗೆ ಒಳ್ಳೆಯದೇ. ಆದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಕ್ಕೆ ಮೆಟ್ಟಿಲಿಲ್ಲ, ಇಳಿಜಾರು ಮಾತ್ರ. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬೆರಳೂರಲು ಜಾಗವಿರುವುದಿಲ್ಲ. ಚೆನ್ನಾಗಿ ಈಜು ಬಲ್ಲವನೂ ಹತ್ತಲಾಗದೆ, ಜಾರಿ ಜಾರಿ ಸುಸ್ತಾಗುತ್ತಾನೆ. ಈಜು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೊಂಡ ನಿಮ್ಮದೇ ಆಗಿದ್ದರೆ ಸುತ್ತ ಬೇಲಿ ಹಾಕಿಸಿ. ದಪ್ಪ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ಒಂದು ತುದಿಯನ್ನು ಗಟ್ಟಿ ಗೂಟಕ್ಕೆ ಕಟ್ಟಿ, ಇನ್ನೊಂದನ್ನು ನೀರಿಗೆ ಇಳಿಬಿಡಿ. ನಾಲ್ಕೂ ಮಗ್ಗುಲಿಗೆ ಇರಲಿ.

ಬೇಸಿಗೆಯ ಕೆರೆಯೂ ಮೋಸವೇ. ನೀರು ಇಳಿದಾಗ ಅಂಗಳ ಅಗೆದು ಗೋಡು ಮಣ್ಣು ಹೊಲಕ್ಕೆ ಹೊಡೆಯುತ್ತಾರೆ. ಮೊದಲು ಎತ್ತಿನ ಗಾಡಿ, ಈಗ ಜೆಸಿಬಿ. ಮುಂದಿನ ವರ್ಷ ನೀರು ಬಂದಾಗ ಆ ಗುಂಡಿ ಯಾರಿಗೂ ಕಾಣುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಐದನೆಯದಕ್ಕೆ ತಲೆ ಮುಳುಗುತ್ತದೆ. ತಿಳಿನೀರಾದರೂ ಕಣ್ಣು ಮೋಸ ಹೋಗುತ್ತದೆ. ಬೆಳಕು ಬಾಗುವುದರಿಂದ 4 ಅಡಿ ಆಳ ಮೇಲಿಂದ ನೋಡಿದರೆ 3 ಅಡಿಯಂತೆ ಕಾಣುತ್ತದೆ. ಅಪ್ಪ ನಮಗೆ ಹಾಕಿದ್ದು ಒಂದೇ ಕಟ್ಟಳೆ: ತೂಬಿನ ಹತ್ತಿರ, ಕೋಡಿಯ ಹತ್ತಿರ ಆಟವಿಲ್ಲ. ತೂಬು ತೆಗೆದಾಗ ಮೇಲೆ ನೀರು ಅಲುಗುವುದಿಲ್ಲ, ಅಡಿಯಲ್ಲಿ ಸೆಳೆತ.

ನನ್ನದೇ ಒಂದು ಕತೆ ಹೇಳಬೇಕು. 1998ರಲ್ಲಿ ಎಂಟನೇ ಕ್ಲಾಸಿನ 42 ಮಕ್ಕಳನ್ನು ಒಂದು ಕೆರೆಗೆ ಕರೆದುಕೊಂಡು ಹೋಗಿದ್ದೆ. ನಾನು ಚಿತ್ರಾನ್ನ ಬಡಿಸುತ್ತಿದ್ದೆ. ಒಬ್ಬ ಹುಡುಗಿ ಕೈ ತೊಳೆಯಲು ಹೋಗಿ ಪಾಚಿ ಮೆಟ್ಟಿಲಿನಿಂದ ಜಾರಿದಳು. ಒಂದು ಕೂಗು ಇಲ್ಲ. ಮುಳುಗುವವರು ಸಿನಿಮಾದಲ್ಲಿ ಕಿರುಚುವಂತೆ ಕಿರುಚುವುದಿಲ್ಲ, ಬಾಯಿಗೆ ಉಸಿರೇ ಸಿಕ್ಕಿರುವುದಿಲ್ಲ. ಅತ್ತ ಬಟ್ಟೆ ಒಗೆಯುತ್ತಿದ್ದ ಹೆಂಗಸು ನೋಡಿದರು. ನೀರಿಗೆ ಹಾರಲಿಲ್ಲ. ಕೈಯಲ್ಲಿದ್ದ ಒದ್ದೆ ಸೀರೆಯ ಒಂದು ತುದಿ ಹಿಡಿದು ಇನ್ನೊಂದನ್ನು ಎಸೆದರು. ಒದ್ದೆಯಾಗಿದ್ದರಿಂದ ಭಾರಕ್ಕೆ ದೂರ ಹೋಯಿತು. ಹುಡುಗಿ ಹಿಡಿದುಕೊಂಡಳು. ಕಾಪಾಡಿದವರ ಹೆಸರು ಕೇಳುವುದೂ ನನಗೆ ಆಗ ಹೊಳೆಯಲಿಲ್ಲ. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ.

ಅಂದಿನಿಂದ ನನ್ನ ಪಿಕ್ನಿಕ್‌ಗಳಲ್ಲಿ ಒಬ್ಬರಿಗೆ ‘ನೀರು ಕಾಯುವ ಕೆಲಸ’. ಅರ್ಧ ಗಂಟೆಗೆ ಒಬ್ಬರು. ಆ ಅರ್ಧ ಗಂಟೆ ಫೋನ್ ಇಲ್ಲ, ಇಸ್ಪೀಟ್ ಇಲ್ಲ, ಬಡಿಸುವುದೂ ಇಲ್ಲ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಲೆಕ್ಕ.

ಯಾರಾದರೂ ಬಿದ್ದರೆ ಹಾರಬೇಡಿ. ಸೀರೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಮೇಲೆತ್ತಿದ ಮೇಲೆ ತಲೆಕೆಳಗು ಮಾಡುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು, ಹೊಟ್ಟೆ ಒತ್ತುವುದು ಯಾವುದೂ ಬೇಡ. ಅದರಿಂದ ಸಮಯ ಹಾಳು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗ ಬೇಗ 30 ಸಲ ಒತ್ತಿ, 2 ಉಸಿರು. ಆಂಬುಲೆನ್ಸ್ ಬರುವವರೆಗೆ ಹಾಗೇ ಮಾಡುತ್ತಿರಿ. ಬಿದ್ದವರು ನೆಟ್ಟಗಾದರೂ ಆ ದಿನವೇ ಡಾಕ್ಟರಿಗೆ ತೋರಿಸಿ.

ನಿಮ್ಮ ಹುಡುಗ ಈ ರಜೆಯಲ್ಲೇ ಈಜು ಕಲಿಯಲಿ. ತುಮಕೂರಿನಲ್ಲಿ ನೆಂಟರಿದ್ದರೆ ಒಂದು ತಿಂಗಳು ಕಳಿಸಿ, ಈಜುಕೊಳದಲ್ಲಿ ಹೇಳಿಕೊಡುವವರ ಕೈಲಿ ಕಲಿಯಲಿ. ನಮ್ಮಣ್ಣ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತ. ನಾನು ಮೆಟ್ಟಿಲ ಮೇಲೆ ಕೂತು ಅವನ ಬಟ್ಟೆ ಕಾಯುತ್ತಿದ್ದೆ, ಹೆಣ್ಣುಮಕ್ಕಳಿಗೆ ಈಜೇಕೆ ಅಂತ. ಕಲಿತದ್ದು 46ಕ್ಕೆ. ನಿಮಗೆ ಮಗಳಿದ್ದರೆ ಅವಳನ್ನೂ ಕಳಿಸಿ.

ಪ್ರಶ್ನೆ: ಮಧ್ಯಾಹ್ನ ಬಿಸಿಲು ಅಂತ ಸಂಜೆಗೆ ಹೋದರೆ ಗುಡುಗು. ಕೆರೆ ಹತ್ತಿರ ಇದ್ದಾಗ ಮಳೆ ಬಂದರೆ?
– ಓದುಗ, ಗುಬ್ಬಿ

ಅಶ್ವಿನಿ, ಭರಣಿ ಮಳೆಗಳು ಹಾಗೆಯೇ. ಮೊದಲ ಗುಡುಗು ಕಿವಿಗೆ ಬಿತ್ತೋ, ನೀರಿನಿಂದ ಮೇಲೆ ಬಂದು ಕಾರಿನಲ್ಲೋ ಕಟ್ಟಡದಲ್ಲೋ ಕೂರಿ. ಮರದ ಕೆಳಗೆ ನಿಲ್ಲಬೇಡಿ. ಬಯಲು ಏರಿ ಮೇಲೂ ಬೇಡ.

ಪ್ರಶ್ನೆ: ನೀರಿಗಿಳಿಯಬೇಡಿ ಅಂತ ಪ್ರತಿ ವರ್ಷ ಬರೀತೀರಿ. ಹಾಗಾದರೆ ದಡದಲ್ಲಿ ಕೂತು ಮಾಡೋದೇನು? ನಮ್ಮ ಗುಂಪಿನಲ್ಲಿ ಎಲ್ಲರೂ 25ರ ಒಳಗಿನವರು.
– ಓದುಗ, ತುಮಕೂರು

ಸ್ವಲ್ಪ ಸಿಟ್ಟಿದೆ, ಇರಲಿ. ಒಂದು ದಿನ ಶಿರಾ ತಾಲೂಕಿನ ಕಗ್ಗಲಡುಗೆ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿರುತ್ತವೆ, ಜೊತೆಗೆ ಬೂದು ಬಕಗಳು. ಕೆಳಗೆ ದನ, ಟ್ರ್ಯಾಕ್ಟರು, ಶಾಲೆ ಮಕ್ಕಳು. ಮೇಲೆ ಮರಿಗಳ ಗಲಾಟೆ. ಆ ಊರಿನವರು ಹಕ್ಕಿಗಳನ್ನು ಓಡಿಸದೆ ಕಾಪಾಡಿಕೊಂಡು ಬಂದಿದ್ದಾರೆ. ಕೆರೆ ನೀರು ಇಳಿಯುವಾಗ ಮೀನು ಕಡಿಮೆ ಜಾಗದಲ್ಲಿ ಗುಂಪಾಗುತ್ತದೆ, ಕೊಕ್ಕರೆಗೆ ಮರಿ ಸಾಕಲು ಅದೇ ಸುಗ್ಗಿ. ಕೆರೆ ಬತ್ತುತ್ತಿದೆ ಅಂತ ನಾವು ಗೊಣಗುವ ತಿಂಗಳೇ ಅವುಗಳ ಹಬ್ಬದ ತಿಂಗಳು. ಗೂಡಿಗೆ ಮೀನು ತಂದು ಮರಿಯ ಮುಂದೆ ಕಕ್ಕುವುದನ್ನು ಒಮ್ಮೆ ನೋಡಿ. 25ರ ಒಳಗಿನವರಿಗೂ ಬೇಜಾರಾಗಲಿಕ್ಕಿಲ್ಲ.

ಡ್ರೋನ್ ಹಾರಿಸಬೇಡಿ, ಪಟಾಕಿ ಬೇಡ, ಸ್ಪೀಕರ್ ಮನೆಯಲ್ಲೇ ಬಿಡಿ. ಟೋಪಿ ಮರೆಯಬೇಡಿ, ಬಿಸಿಲಿಗೆ ಮಾತ್ರ ಅಲ್ಲ. ಮತ್ತೆ ನೆರಳು ಚೆನ್ನಾಗಿದೆ ಅಂತ ಆ ಹುಣಸೆ ಮರದ ಕೆಳಗೇ ಬುತ್ತಿ ಬಿಚ್ಚಬೇಡಿ. ಮೇಲಿರುವವರದೂ ಆಗಷ್ಟೇ ಊಟ ಆಗಿರುತ್ತದೆ.