ಮ್ಯಾಂಚೆಸ್ಟರಿಗೆ ಮಾತ್ರೆ ಕಟ್ಟುವ ಮುಂಚೆ

ಅಕ್ಕ ಅಂತ ಕರೆದು ಬರೆದಿದ್ದೀರಿ, ಖುಷಿಯಾಯಿತು. ನೀವೀಗ ನಾಲ್ಕು ತಿಂಗಳ ಬಸುರಿ. ಬರುವ ತಿಂಗಳು ಮಂಗಳೂರು ಬಿಟ್ಟು ಗಂಡನಿರುವ ಮ್ಯಾಂಚೆಸ್ಟರಿಗೆ ಹೊರಡುತ್ತೀರಿ. ಅಲ್ಲಿ ಡಾಕ್ಟರು ಬೇಗ ಸಿಗುವುದಿಲ್ಲವಂತೆ, ಸಣ್ಣಪುಟ್ಟದಕ್ಕೆ ಯಾವ ಮಾತ್ರೆ ಕಟ್ಟಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಇಂಗ್ಲೆಂಡಿನ ಲೀಡ್ಸಿನಿಂದ ರಜೆಗೆ ಉಡುಪಿಯ ತಾಯಿಮನೆಗೆ ಬಂದಿದ್ದೇನೆ. ಹೊರಗೆ ಆಟಿ ತಿಂಗಳ ಮಳೆ, ಕರೆಂಟಿಲ್ಲ. ಹಾಗಾಗಿ ಪುರುಸೊತ್ತಿನಲ್ಲೇ ಬರೆಯುತ್ತೇನೆ.

ಈಗ ನಿಮ್ಮ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಚೀಟಿಯ ಸಮೇತ ತನ್ನಿ. ಉಳಿದದ್ದು ಬೇಡ. ನಮ್ಮೂರಿನ ಅಭ್ಯಾಸ ನನಗೆ ಗೊತ್ತು. ಮೆಡಿಕಲ್‌ಗೆ ಹೋಗಿ ತಲೆನೋವು ಎಂದರೆ ಸಾಕು, ಸ್ಟ್ರಿಪ್ಪಿನಿಂದ ಮೂರು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ಮೊದಲ ಸಲ ಲೀಡ್ಸಿಗೆ ಹೋಗುವಾಗ ನನ್ನ ಪರ್ಸಲ್ಲೂ ಅಂಥ ಕವರು ನಾಲ್ಕಿದ್ದವು. ಒಂದರಲ್ಲಿದ್ದದ್ದು ಕಾಂಬಿಫ್ಲಾಮ್. ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಇರುತ್ತದೆ. ಬಸುರಿಯರು ಡಾಕ್ಟರು ಹೇಳದೆ ಅದನ್ನು ತೆಗೆದುಕೊಳ್ಳಬಾರದು, 20 ವಾರ ದಾಟಿದ ಮೇಲಂತೂ ಬೇಡವೇ ಬೇಡ. ಮಗುವಿನ ಕಿಡ್ನಿಗೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆಯಾಗಬಹುದು. ಡೈಕ್ಲೊಫೆನಾಕ್ ಇರುವ ಜೆಲ್ಲು, ಸ್ಪ್ರೇ ಕೂಡ ಅದೇ ಜಾತಿ. ಗಂಧಪೂರ ಎಣ್ಣೆ ಇರುವ ನೋವಿನ ಬಾಮು ಆಸ್ಪಿರಿನ್‌ನ ನೆಂಟ. ಸೊಂಟನೋವೆಂದು ದಿನಾ ಉಜ್ಜಬೇಡಿ. ಆದರೆ ಬಿ.ಪಿ. ಏರದ ಹಾಗೆ ಡಾಕ್ಟರೇ ಸಣ್ಣ ಡೋಸಿನ ಆಸ್ಪಿರಿನ್ ಕೊಟ್ಟಿದ್ದರೆ ನನ್ನ ಮಾತು ಕೇಳಿ ಬಿಡಬೇಡಿ ಮಾರಾಯ್ರೆ, ಅದು ಬೇರೆ ಲೆಕ್ಕ.

ತಲೆನೋವು, ಸಣ್ಣ ಮೈನೋವಿಗೆ ಅಲ್ಲೂ ಪ್ಯಾರಾಸಿಟಮಾಲೇ ಹೇಳುತ್ತಾರೆ. ಕಡಿಮೆ ಡೋಸು, ಬೇಕಾದಷ್ಟೇ ದಿನ. ಶೀತಕ್ಕೆ ಬಿಸಿನೀರಲ್ಲಿ ಕಲಸಿ ಕುಡಿಯುವ ಪುಡಿ ಅಲ್ಲಿನ ಸೂಪರ್‌ಮಾರ್ಕೆಟ್ಟಲ್ಲಿ ಸಿಗುತ್ತದೆ. ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ತೆಗೆದುಕೊಂಡರೆ ಗೊತ್ತಿಲ್ಲದೆ ಡಬಲ್ ಡೋಸ್. ಕಟ್ಟಿದ ಮೂಗು ಬಿಡಿಸುವ ಔಷಧಿಯೂ ಅದರಲ್ಲಿರಬಹುದು, ಬಸುರಿಗೆ ಅದು ಬೇಡ. ಉಪ್ಪುನೀರು ಮುಕ್ಕಳಿಸಿ, ಹಬೆ ತೆಗೆದುಕೊಳ್ಳಿ.

ವಾಕರಿಕೆ ಇನ್ನೂ ಇದ್ದರೆ ಹಾಸಿಗೆಯಿಂದ ಏಳುವ ಮುಂಚೆಯೇ ಒಂದು ರಸ್ಕ್ ತಿನ್ನಿ. ಶುಂಠಿಯೂ ಆಗುತ್ತದೆ. ಗಂಜಿಗೆ ಕುಚ್ಚಲಕ್ಕಿ ಹೊರಬೇಡಿ, ಅಲ್ಲಿ ಇಂಡಿಯನ್ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ. ಐರನ್ ಮಾತ್ರೆಯಿಂದ ಮೋಶನ್ ಗಟ್ಟಿಯಾದರೆ ಅಲ್ಲಿ ಕೊಡುವ ಫೈಬೋಜೆಲ್ ಎಂಬುದು ನಮ್ಮ ಇಸಬಗೋಲೇ, ಕಿತ್ತಳೆ ರುಚಿ ಸೇರಿಸಿದ್ದು! ನೀರು ಜಾಸ್ತಿ ಕುಡಿಯಬೇಕು. ಎದೆಯುರಿಗೆ ಗ್ಯಾವಿಸ್ಕಾನ್ ಕೊಡುತ್ತಾರೆ. ಅದಕ್ಕೂ ಐರನ್ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಐರನ್ ಮೈಗೆ ಹತ್ತುವುದಿಲ್ಲ. ಊಟದ ಜೊತೆಗೇ ಚಹಾ ಕುಡಿಯುವ ನಮ್ಮವರ ಚಟಕ್ಕೂ ಇದೇ ಕಾಯಿಲೆ.

ಕಷಾಯದ ಬಗ್ಗೆ ಕೇಳಿದ್ದೀರಿ. ಅಡುಗೆಯಲ್ಲಿ ಹಾಕುವಷ್ಟು ಜೀರಿಗೆ, ಶುಂಠಿ ಪರವಾಗಿಲ್ಲ. ಜ್ಯೇಷ್ಠಮಧು ಬೇಡ. ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕಷಾಯವೂ ಬೇಡ, ಬಸುರಿಗೆ ಅದನ್ನು ಕೊಡಲು ನಮ್ಮಮ್ಮನೇ ಒಪ್ಪುವುದಿಲ್ಲ. ಮೆಂತೆ ಗಂಜಿ ಮಾತ್ರ ತಿನ್ನಿ ಎನ್ನುತ್ತಾರೆ.

ಇನ್ನು ಡಾಕ್ಟರ ವಿಷಯ. ಅಲ್ಲಿ ಬಸುರಿಯನ್ನು ನೋಡಿಕೊಳ್ಳುವುದು ಹೆಚ್ಚಾಗಿ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ತಿಂಗಳು ತಿಂಗಳು ಸ್ಕ್ಯಾನ್ ಇಲ್ಲ. ಎಲ್ಲ ಸರಿಯಿದ್ದರೆ ಎರಡೇ, ಎರಡನೆಯದು 18ರಿಂದ 21 ವಾರದ ಒಳಗೆ. ನಿಮ್ಮ ಪ್ರಯಾಣ ಅದೇ ಹೊತ್ತಿಗೆ ಬೀಳುತ್ತದೆ. ಹಾಗಾಗಿ ಅದನ್ನು ಮಂಗಳೂರಲ್ಲೇ ಮುಗಿಸಿ ರಿಪೋರ್ಟು ತನ್ನಿ. ಅಲ್ಲಿಗೆ ತಲುಪಿದ ವಾರವೇ ಜಿ.ಪಿ., ಅಂದರೆ ಮನೆ ಹತ್ತಿರದ ಡಾಕ್ಟರ ಹತ್ತಿರ ಹೆಸರು ಬರೆಸಿ. ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಕೇಳಿ ಮಾಡಿಸಿಕೊಳ್ಳಿ. ಅದಿದ್ದರೆ ಹೆರಿಗೆಯ ಅಂದಾಜು ದಿನ ಕಳೆದು 12 ತಿಂಗಳಾಗುವವರೆಗೂ ಎನ್‌ಎಚ್‌ಎಸ್ (ಅಲ್ಲಿನ ಸರಕಾರಿ ಆರೋಗ್ಯ ಸೇವೆ) ಚೀಟಿಯ ಔಷಧಿ, ಹಲ್ಲಿನ ಚಿಕಿತ್ಸೆ ಎರಡೂ ಫ್ರೀ. ಬಸುರಲ್ಲಿ ಒಸಡಿನಿಂದ ರಕ್ತ ಬರುವುದು ಮಾಮೂಲು, ಉಪಯೋಗಕ್ಕೆ ಬರುತ್ತದೆ.

ಈಗ ನನ್ನ ಪೆದ್ದುತನ ಹೇಳುತ್ತೇನೆ. 31ನೇ ವಾರ, ಜನವರಿ. ಬಾಣಂತನಕ್ಕೆಂದು ಅಮ್ಮ ಬೇಗನೇ ಬಂದಿದ್ದರು. ರಾತ್ರಿಯಾದರೆ ಅಂಗಾಲು ತುರಿಕೆ. ಒಂದು ಗುಳ್ಳೆಯೂ ಇಲ್ಲ, ಸುಮ್ನೆ ತುರಿಕೆ. ಚಳಿಗೆ ಚರ್ಮ ಒಣಗಿದೆ ಎಂದು ಅಮ್ಮ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ಬಾಟಲಿಯನ್ನು ಹೀಟರ್ ಮೇಲಿಟ್ಟು ಕರಗಿಸಿ ರಾತ್ರಿ ಎರಡು ಗಂಟೆಗೆ ಕಾಲಿಗೆ ಉಜ್ಜುತ್ತಿದ್ದರು. ಹತ್ತು ದಿನ ಹೀಗೇ ಹೋಯಿತು. ಮಿಡ್‌ವೈಫ್ ಹತ್ತಿರ ಬಿ.ಪಿ. ನೋಡಿಸಿಕೊಂಡು ಕೋಟು ಹಾಕಿಕೊಳ್ಳುವಾಗ, ನಿದ್ದೆ ಬರುವುದಿಲ್ಲ, ತುರಿಕೆ ಎಂದೆ. ಆಕೆ ಪೆನ್ನು ಕೆಳಗಿಟ್ಟರು. ಅಂಗೈಯಲ್ಲೂ ಇದೆಯಾ? ರಾತ್ರಿ ಜಾಸ್ತಿಯಾ? ಆವತ್ತೇ ರಕ್ತ ತೆಗೆದರು.

ಪಿತ್ತಕೋಶದ್ದಲ್ಲ, ಲಿವರಿನ ತೊಂದರೆ. ಕೊಲೆಸ್ಟಾಸಿಸ್ ಎನ್ನುತ್ತಾರೆ. ಪಿತ್ತದ ಆಮ್ಲ ರಕ್ತದಲ್ಲಿ ಏರುತ್ತದೆ, ತೀರಾ ಏರಿದರೆ ಮಗುವಿನ ಜೀವಕ್ಕೇ ಅಪಾಯ. ಬ್ರಿಟನ್ನಲ್ಲಿ ಸುಮಾರು 140 ಬಸುರಿಯರಲ್ಲಿ ಒಬ್ಬರಿಗೆ ಬರುತ್ತದಂತೆ. ಭಾರತ, ಪಾಕಿಸ್ತಾನ ಮೂಲದವರಲ್ಲಿ ಅದರ ಇಮ್ಮಡಿಯ ಹತ್ತಿರ. ಮತ್ತೆ ಮತ್ತೆ ರಕ್ತ ನೋಡಿ, 38 ವಾರ ದಾಟಿದ ಮೇಲೆ ಹೆರಿಗೆ ಮಾಡಿಸಿದರು. ಮಗಳಿಗೀಗ ಒಂಬತ್ತು. ಆಮೇಲೊಂದು ದಿನ ಅಮ್ಮ ಮೆಲ್ಲಗೆ ಹೇಳಿದರು: "ನೀನು ಹೊಟ್ಟೆಯಲ್ಲಿದ್ದಾಗ ನನಗೂ ಹೀಗೇ ಇತ್ತು. ಯಾರ ಹತ್ತಿರ ಹೇಳುವುದು?"

ನೀವು ಹೇಳಲೇಬೇಕು. ಮಿಡ್‌ವೈಫ್ ಕೊಡುವ 24 ಗಂಟೆಯ ಮೆಟರ್ನಿಟಿ ನಂಬರನ್ನು ನಿಮ್ಮ ಫೋನಿನಲ್ಲೂ ಗಂಡನ ಫೋನಿನಲ್ಲೂ ಹಾಕಿಡಿ. ಇಂಥ ತುರಿಕೆ, ರಕ್ತಸ್ರಾವ, ಮಗುವಿನ ಒದೆತ ಕಡಿಮೆಯಾಗುವುದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಇದ್ದಕ್ಕಿದ್ದಂತೆ ಮುಖ ಊದುವುದು, ಕುಡಿದ ನೀರೂ ನಿಲ್ಲದ ವಾಂತಿ, ಜ್ವರ, ಉರಿಮೂತ್ರ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವು ಯಾವುದಾದರೂ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ನಂಬರು ಸಿಗದಿದ್ದರೆ ಎನ್‌ಎಚ್‌ಎಸ್‌ನ ಸಹಾಯದ ನಂಬರು 111ಕ್ಕೆ ಫೋನ್ ಮಾಡಿ. ಅವರಿಗೆ ತೊಂದರೆ ಕೊಡುವುದು ಯಾಕೆ ಎಂಬ ನಮ್ಮೂರ ಸಂಕೋಚವನ್ನು ಬಜ್ಪೆ ಏರ್‌ಪೋರ್ಟಲ್ಲೇ ಇಳಿಸಿ ಬನ್ನಿ.

ತೆಂಗಿನೆಣ್ಣೆ ಮಾತ್ರ ಖಂಡಿತ ತನ್ನಿ, ಅಲ್ಲಿನ ಚಳಿಗೆ ಬೇಕಾಗುತ್ತದೆ. ಎರಡು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿ. ನನ್ನದು ದಾರಿಯಲ್ಲೇ ಸೋರಿ, ಮದುವೆಯ ಸೀರೆಗೆ ಇವತ್ತಿಗೂ ಎಣ್ಣೆ ವಾಸನೆ.