ಕೋಳಿ ಅಂಗಡಿಗಿಂತ ಮೊದಲು ಬೀಜದ ಜಗಳ

1996ರಲ್ಲಿ ರೈತಸಂಘದವರು ಬೆಂಗಳೂರಿನ ಕೆಎಫ್‌ಸಿ ಮಳಿಗೆ ಒಡೆದದ್ದು ಬರೀ ವಿದೇಶಿ ದ್ವೇಷವಲ್ಲವೇ, ಅದರಿಂದ ಸಿಕ್ಕಿದ್ದೇನು ಎಂದು ಕೇಳಿದ್ದೀರಿ. ಒಡೆಯುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಕೋಳಿ ಅಂಗಡಿಯಿಂದ ಶುರು ಮಾಡಿದರೆ ಅರ್ಧ ಕಥೆಯೇ ತಪ್ಪಿಹೋಗುತ್ತದೆ.

1992ರ ಡಿಸೆಂಬರ್‌ನಲ್ಲೇ ಅವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟಿದ್ದರು. ಮರುವರ್ಷ ಬಳ್ಳಾರಿ ಬಳಿ ಕಟ್ಟುತ್ತಿದ್ದ ಅದರ ಘಟಕವನ್ನೂ ಕೆಡವಿದರು. ರೈತಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ವಿರೋಧಿಸುತ್ತಿದ್ದದ್ದು ಡಂಕೆಲ್ ಪ್ರಸ್ತಾವವನ್ನು, ಅಂದರೆ ಮುಂದೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವಾದ ಕರಡನ್ನು. ಬೀಜಕ್ಕೆ ಪೇಟೆಂಟ್ ಬಂದರೆ, ಒಳ್ಳೆಯ ತೆನೆ ಆರಿಸಿ, ಬೂದಿ ಬೆರೆಸಿ ಎತ್ತಿಟ್ಟ ಜೋಳ ಬಿತ್ತಲೂ ಕಂಪನಿಯ ಅಪ್ಪಣೆ ಬೇಕಾದೀತೆಂಬ ಭಯ ರೈತರದು. ಅದು ಹುಸಿ ಭಯವಲ್ಲ. 1995ರಲ್ಲಿ ಜಾರಿಯಾದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ, ಸಸ್ಯತಳಿಗಳಿಗೆ ಪೇಟೆಂಟ್ ಇಲ್ಲವೇ ಬೇರೊಂದು ಪರಿಣಾಮಕಾರಿ ಕಾನೂನು ರಕ್ಷಣೆ ಇರಲೇಬೇಕು ಎಂದಿತು.

ಭಾರತ ಎರಡನೆಯ ದಾರಿ ಹಿಡಿಯಿತು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಓದಿ ನೋಡಿ: ರೈತ ಬೀಜ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹೆಸರಿಲ್ಲದೆ ಮಾರಲೂಬಹುದು. ಇದು ರೈತಸಂಘ ಒಂದರದೇ ಗೆಲುವಲ್ಲ, ನಿಜ. ಆದರೂ ಆ ಬೀದಿ ಹೋರಾಟಗಳು ನಡೆಯದಿದ್ದರೆ ಈ ಸಾಲುಗಳು ಕಾನೂನಿನಲ್ಲಿ ಬರುತ್ತಿದ್ದವು ಎಂದು ನನಗನ್ನಿಸುವುದಿಲ್ಲ.

ಸೋತದ್ದೂ ಇದೆ. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಮೆರಿಕದ ಕಂಪನಿ ಮಾನ್ಸಾಂಟೊದ ಬಿಟಿ ಹತ್ತಿಯ (ಹುಳು ತಡೆಯಲು ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ ಹತ್ತಿ) ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಈಗ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಅದೇ. ಹೈಬ್ರಿಡ್ ಆದ್ದರಿಂದ ಉಳಿಸಿಟ್ಟ ಬೀಜ ಬಿತ್ತಿದರೆ ಬೆಳೆ ಸರಿಯಾಗಿ ಬರುವುದಿಲ್ಲ, ವರ್ಷವರ್ಷವೂ ಪ್ಯಾಕೆಟ್ ಕೊಳ್ಳಲೇಬೇಕು. 39ನೇ ಕಲಂ ಕೊಟ್ಟ ಹಕ್ಕು ಅಲ್ಲಿ ಉಪಯೋಗಕ್ಕೆ ಬರುತ್ತಿಲ್ಲ.