ಸ್ಪ್ರಿಂಟ್ ವೆಲಾಸಿಟಿ (ಸಾಫ್ಟ್‌ವೇರ್ ತಂಡವೊಂದು ಒಂದು ಸ್ಪ್ರಿಂಟ್‌ನಲ್ಲಿ, ಅಂದರೆ ಕೆಲವು ವಾರಗಳ ನಿಗದಿತ ಅವಧಿಯಲ್ಲಿ, ಮುಗಿಸುವ ಕೆಲಸದ ಅಳತೆ) ಲೆಕ್ಕ ಹಾಕುವಾಗ ಅರ್ಧ ಮುಗಿದ ಕೆಲಸವನ್ನೂ ಸೇರಿಸಬೇಕೇ?
ಬೇಡ. ಟೆಸ್ಟಿಂಗ್ ಸಹಿತ ಪೂರ್ತಿಯಾದ ಸ್ಟೋರಿಗಳ (ಬಿಡಿ ಕೆಲಸಗಳ) ಪಾಯಿಂಟ್‌ಗಳನ್ನಷ್ಟೇ, ಅಂದರೆ ಕೆಲಸದ ಗಾತ್ರಕ್ಕೆ ತಂಡ ಅಂದಾಜಿಸಿ ಕೊಟ್ಟ ಅಂಕಗಳನ್ನಷ್ಟೇ, ಕೂಡಿ. 8 ಪಾಯಿಂಟ್‌ನ ಸ್ಟೋರಿ ಮುಕ್ಕಾಲು ಪಾಲು ಆಗಿದ್ದರೂ ಈ ಸ್ಪ್ರಿಂಟ್‌ನಲ್ಲಿ ಸೊನ್ನೆ. ಅದು ಯಾವ ಸ್ಪ್ರಿಂಟ್‌ನಲ್ಲಿ ಮುಗಿಯುತ್ತದೋ ಅದಕ್ಕೆ ಪೂರಾ 8. ಇದರಿಂದ ಅಂಕಿ ಏರಿಳಿಯುವುದು ಸಹಜ, ಅದಕ್ಕೇ ಸರಾಸರಿ ನೋಡಬೇಕು.

ಕಳೆದ ಮೂರು ಸ್ಪ್ರಿಂಟ್‌ಗಳಲ್ಲಿ 21, 30, 24 ಬಂದಿದ್ದರೆ ಸರಾಸರಿ 25. ಬಾಕಿ 150 ಪಾಯಿಂಟ್ ಇದ್ದರೆ 6 ಸ್ಪ್ರಿಂಟ್ ಆಗುತ್ತದೆ. ಆದರೆ ಗಡುವು ಕೇಳಿದವರಿಗೆ ಒಂದೇ ಅಂಕಿ ಕೊಡಬೇಡಿ: 30ರ ವೇಗದಲ್ಲಿ 5, 21ರ ವೇಗದಲ್ಲಿ 7 ಮೀರುವುದರಿಂದ 8, ಹಾಗಾಗಿ '5ರಿಂದ 8' ಎನ್ನುವುದೇ ಪ್ರಾಮಾಣಿಕ ಉತ್ತರ.

ದಯವಿಟ್ಟು ವೆಲಾಸಿಟಿಯನ್ನು ತಂಡಕ್ಕೆ ಗುರಿಯಾಗಿ ಹೇರಬೇಡಿ. ಒತ್ತಡ ಬಿದ್ದರೆ 3ರ ಕೆಲಸಕ್ಕೆ 5 ಬರೆಯುತ್ತಾರೆ. ವೆಲಾಸಿಟಿ ಏರುತ್ತದೆ, ಮುಗಿದ ಕೆಲಸ ಅಷ್ಟೇ ಇರುತ್ತದೆ. ತಂಡದ ಸದಸ್ಯರು ಬದಲಾದರೆ ಹಳೆಯ ಸರಾಸರಿ ಬಿಟ್ಟು ಹೊಸದಾಗಿ ಲೆಕ್ಕ ಶುರುಮಾಡಿ.